ಹಿಂಬರಹ

ಸಾಗರದ ತಾಲ್ಲೂಕು ಕಚೇರಿ ಎದುರು
ಚಿಕ್ಕಮ್ಮನ ಜೆರಾಕ್ಸ್ ಅಂಗಡಿ.
ಹಾಳೆಗೆ ಎರಡು ರೂಪಾಯಿ, ಅರ್ಜಿ ಬರೆದರೆ ಮೂವತ್ತು.
ಬರೆಯುವವಳು ನಾನು.

ಜೂನ್‌ನಿಂದ ಇಲ್ಲಿದ್ದೇನೆ. ಇರಬೇಕಾದದ್ದು ಬೇರೆ ಕಡೆ,
ಕೆಂಪು ಇಟ್ಟಿಗೆಯ ಗ್ರಂಥಾಲಯ ಇರುವ ಕಡೆ.
ಮೊಬೈಲಿನಲ್ಲಿ ನೋಡಿ ನೋಡಿ
ಅದರ ಮೆಟ್ಟಿಲು ಬಾಯಿಪಾಠ: ಹದಿನಾಲ್ಕು.

ಐದು ಲಾ ಕಾಲೇಜು ಕೇಳಿದ್ದೆ, ಐದೂ ಇಲ್ಲವೆಂದವು.
ಇಲ್ಲ ಅಂತಲೂ ಸರಿಯಾಗಿ ಅನ್ನಲಿಲ್ಲ.
ಮೂರನೇ ಪಟ್ಟಿ ಬಂತು, ನಾಲ್ಕನೆಯದು ಬಂತು,
ಆಮೇಲೆ ಪಟ್ಟಿ ಬರುವುದು ನಿಂತಿತು.

ಇಲ್ಲಿ ಹಾಗಲ್ಲ.
ಇಲ್ಲಿ ತಿರಸ್ಕರಿಸಿದರೆ ಹಿಂಬರಹ ಕೊಡಬೇಕು:
ಸದರಿ ಜಮೀನು ಅರಣ್ಯವೆಂದು ದಾಖಲಾಗಿರುವುದರಿಂದ
ತಮ್ಮ ಕೋರಿಕೆಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ.
ಕೆಳಗೆ ಮೊಹರು, ಮೊಹರಿನ ಮೇಲೆ ವಾರೆ ಸಹಿ.
ಏನೇ ಅನ್ನಿ, ಹಿಡಿದುಕೊಂಡು ಅಳಲಿಕ್ಕೆ ಒಂದು ಹಾಳೆ.

ಹೊಳಿಯಮ್ಮನ ಚೀಲದಲ್ಲಿ ಅಂಥವು ಏಳಿವೆ.
ಊರು ಮುಳುಗಡೆಯಾಗಿ, ಲಾರಿಯಲ್ಲಿ ತಂದು
ಈ ಗುಡ್ಡಕ್ಕೆ ಸುರಿದಾಗ
ಅವಳ ಗಂಡ ಅತ್ತೆಯ ಸೊಂಟದ ಮೇಲಿನ ಕೂಸಂತೆ.
ನಮೂನೆ ಐವತ್ತು, ಐವತ್ಮೂರು, ಐವತ್ತೇಳು,
ನಡುವೆ ಅರಣ್ಯ ಹಕ್ಕಿಗೊಂದು, ಅದರ ಮೇಲ್ಮನವಿ.
ಮಕ್ಕಳ ವಯಸ್ಸು ಎಣಿಸುವುದೂ ಹೀಗೆಯೇ:
"ಸಣ್ಣವ ಐವತ್ಮೂರರಾಗೆ ಹುಟ್ಟಿದ್ದು."

ಪರೀಕ್ಷೆಯಲ್ಲಿ ನಾನು ಎಡವಿದ್ದು ಅವಳ ಜಮೀನಿನಲ್ಲೇ.
ಅರ್ಧ ಪುಟದ ಒಂದು ತುಣುಕು: ಎಕ್ಸ್ ಎಂಬವನು
ವೈ ಎಂಬವನ ಭೂಮಿಯಲ್ಲಿ
ಬಹುಕಾಲದಿಂದ ಬೇಲಿ ಹಾಕಿ ಕೂತಿದ್ದಾನೆ.
ಕೊಟ್ಟ ತತ್ವವನ್ನಷ್ಟೇ ಅನ್ವಯಿಸಿ,
ನಿಮಗೆ ಗೊತ್ತಿರುವುದನ್ನಲ್ಲ.

ನನಗೆ ಗೊತ್ತಿತ್ತು. ಅದೇ ತೊಂದರೆ.
ಎಕ್ಸ್‌ಗೆ ಹೊಳಿಯಮ್ಮನ ಮುಖ ಬಂತು,
ಬೇಲಿಗೆ ಲಕ್ಕಿಗಿಡ ಬಂತು,
ಎಕ್ಸ್‌ನ ಮಂಡಿನೋವು, ಎಕ್ಸ್‌ನ ಸೊಸೆ,
ಎಕ್ಸ್ ಬಸ್ಸಿಗೆ ಅಂತ ಸಾಲ ಮಾಡಿದ ದುಡ್ಡು,
ಹನ್ನೊಂದು ನಿಮಿಷ ಹೋಯಿತು.
ಬಿ ತುಂಬಿದೆ, ಹಾಳೆಯ ಹಿಂದೆ ಮೂಡುವಷ್ಟು ಒತ್ತಿ.
ಸರಿಯುತ್ತರ ಸಿ.
ಬರಬೇಕಾದ ಒಂದು ಬರಲಿಲ್ಲ, ಇದ್ದದ್ದರಲ್ಲಿ ಕಾಲು ಹೋಯಿತು,
ಕೊನೆಯ ಹದಿನಾರು ಪ್ರಶ್ನೆ ಓದಲಿಕ್ಕೇ ಆಗಲಿಲ್ಲ.

ಶಿವಮೊಗ್ಗದ ಕೋಚಿಂಗ್ ಸರ್‌ಗೆ ಹೇಳಿದೆ.
"ಭಾವನೆ ಬೇಡ, ಗಡಿಯಾರ ನೋಡು" ಅಂದರು.
ತಪ್ಪೇನೂ ಹೇಳಲಿಲ್ಲ ಅವರು.
ಅಪ್ಪ ಬಸ್ ಡಿಪೋದಲ್ಲಿ ಟೈರ್ ಬದಲಿಸುವವರು,
"ಪಂಚರ್ ಎಲ್ಲಿ ಅಂತ ಸಿಕ್ಕಿತಲ್ಲ, ಬಿಡು" ಅಂದರು.
ಸಫೂರಾ ಮಂಗಳೂರಿಗೆ ಸೇರಿ
ಕಪ್ಪು ಕೋಟಿನ ಫೋಟೊ ಕಳಿಸಿದಳು.
ಒಂದು ಹೃದಯ ಒತ್ತಿ
ಫೋನು ಬೋರಲು ಹಾಕಿದೆ.

ನಿನ್ನೆ ಮತ್ತೆ ತುಂಬಿದೆ, ಅಂಗಡಿಯ ಕಂಪ್ಯೂಟರಿನಲ್ಲೇ,
ಕಚೇರಿಯವರು ಊಟಕ್ಕೆ ಎದ್ದ ಹೊತ್ತಿನಲ್ಲಿ.
ಶುಲ್ಕ ನಾಲ್ಕು ಸಾವಿರ:
ನೂರ ಮೂವತ್ತಮೂರು ಅರ್ಜಿ, ಮೇಲೆ ಐದು ಹಾಳೆ ಜೆರಾಕ್ಸ್.
ಹಿಂದೆ ಬರೆದಿದ್ದೀರಾ? ಹೌದು.
ಎಷ್ಟನೆಯ ಸಲ?
ಎರಡು ಎಂದು ಒತ್ತಿ ಸುತ್ತ ನೋಡಿದೆ.

ಬೆಂಚಿನ ಮೇಲೆ ಹೊಳಿಯಮ್ಮ ಎಲೆಗೆ ಸುಣ್ಣ ಸವರುತ್ತಿದ್ದಳು.
"ಎಂತದನೇ, ನಿಂದೂ ವಜಾ ಆಯ್ತಂತೆ?"
ಹೂಂ ಅಂದೆ.
"ಈ ಸಲ ನಂಬರ್ ಕೊಟ್ರಾ?"
ಕೊಟ್ಟರು, ಉದ್ದದ್ದು.
"ಪ್ರಿಂಟ್ ತಗಂಡು ಪ್ಲಾಸ್ಟಿಕ್ಕಿಗೆ ಹಾಕು.
ನನ್ನ ಮೊದಲನೇದನ್ನ ಗೆದ್ದಲು ತಿಂತು."

ಇಷ್ಟೇ. ಸಮಾಧಾನ ಅಂತ ಏನೂ ಹೇಳಲಿಲ್ಲ.
ತನ್ನ ಎಂಟನೆಯದಕ್ಕೆ ಹೆಬ್ಬೆಟ್ಟು ಒತ್ತಿ,
ಶಾಯಿಯನ್ನು ನಮ್ಮ ಗೋಡೆಗೇ ಒರೆಸಿ
ಮೂರೂವರೆ ಬಸ್ಸಿಗೆ ಓಡಿದಳು,
ಮೂವತ್ತು ರೂಪಾಯಿ ಬಾಕಿ ಇಟ್ಟು.

ಡಿಸೆಂಬರಿನ ಆ ಭಾನುವಾರಕ್ಕೆ ಇನ್ನು ಎಂಬತ್ತೊಂದು ದಿನ.
ಈ ಸಲ ಸಿ ತುಂಬುತ್ತೇನೆ, ನಲವತ್ತು ಸೆಕೆಂಡಿನಲ್ಲಿ.
ಬಿ ಯಾಕಲ್ಲ ಎಂದು
ಹದಿನಾಲ್ಕು ಮೆಟ್ಟಿಲು ಹತ್ತಿದ ಮೇಲೆ ಕೇಳುತ್ತೇನೆ.
ಹಿಂಬರಹ ಕೊಡಲಿ.